ಜೆರಾಕ್ಸ್, ಆಫ್‌ಸೆಟ್, ಸ್ಕ್ರೀನ್, ರಿಸೊ: ನನ್ನ ಹಳೆಯ ಕಾಮಿಕ್ಸ್ ಪುಸ್ತಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ

ಸ್ವಂತ ಖರ್ಚಿನಲ್ಲಿ ಕಾಮಿಕ್ಸ್ ಅಚ್ಚು ಹಾಕಿಸಲು ಹೊರಟವರು ನನ್ನನ್ನು ಮೊದಲು ಕೇಳುವುದು, ಯಾವ ವಿಧಾನದಲ್ಲಿ ಮುದ್ರಿಸಿದರೆ ಚೆನ್ನಾಗಿ ಬರುತ್ತದೆ ಎಂದು. ಮುದ್ರಣಾಲಯದಿಂದ ಮನೆಗೆ ಬಂದ ದಿನ ಎಲ್ಲ ಪುಸ್ತಕಗಳೂ ಚೆನ್ನಾಗಿಯೇ ಇರುತ್ತವೆ. ಹದಿನೈದು ವರ್ಷ ಕಳೆದ ಮೇಲೆ ಅದು ಹೇಗಿದೆ, ಅಷ್ಟರೊಳಗೆ ಎಷ್ಟು ಜನರ ಕೈ ಸೇರಿತು, ಯಾರಾದರೂ ಮತ್ತೆ ಕೇಳಿದರೆ ಅಚ್ಚು ಹಾಕಿಕೊಡಲು ಆಗುತ್ತದೆಯೇ ಎಂದು ನೋಡಿದಾಗಲೇ ಒಂದೊಂದರ ಗುಣ ತಿಳಿಯುವುದು. 2004ರಿಂದ ಈಚೆಗೆ ನಾನು ಬರೆದು ಚಿತ್ರಿಸಿ ಹೊರತಂದ ಪುಸ್ತಿಕೆಗಳಲ್ಲಿ ಜೆರಾಕ್ಸ್ ಇದೆ, ಆಫ್‌ಸೆಟ್ ಇದೆ, ಡಿಜಿಟಲ್, ಸ್ಕ್ರೀನ್, ರಿಸೊಗ್ರಾಫ್ ಎಲ್ಲವೂ ಇವೆ. ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಹಾಳೆ ಹಾಳೆ ತಿರುವಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಸಣ್ಣ ಪ್ರಮಾಣದಲ್ಲಿ ಕಾಮಿಕ್ಸ್ ಮಾಡುವವರು ಒಳಪುಟಗಳಿಗೆ ಜೆರಾಕ್ಸನ್ನೂ ಹೊದಿಕೆಗೆ ಸ್ಕ್ರೀನ್ ಪ್ರಿಂಟನ್ನೂ ಆರಿಸಿಕೊಳ್ಳಬೇಕು. ಜೆರಾಕ್ಸ್ ಎಂದರೆ ಗತಿಯಿಲ್ಲದವರ ದಾರಿ ಎಂದುಕೊಂಡವರು ಬಹಳ ಜನ. ಕೈಯಲ್ಲಿ ದುಡ್ಡಿದ್ದ ವರ್ಷಗಳಲ್ಲೂ ನಾನು ಮರಳಿ ಬಂದದ್ದು ಅದಕ್ಕೇ.

ನನ್ನ ಮೊದಲ ಪುಸ್ತಿಕೆ ಎ4 ಹಾಳೆಗಳನ್ನು ಮಧ್ಯಕ್ಕೆ ಮಡಚಿ ಪಿನ್ ಹೊಡೆದದ್ದು. ಹದಿನಾರು ಪುಟ, 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ) ಕಾಗದ. ಮಲೆನಾಡಿನ ಒಂದು ಬಸ್ ನಿಲ್ದಾಣ, ಕೊನೆಯ ಬಸ್ಸಿಗೆ ಕಾಯುವ ನಾಲ್ಕು ಜನ, ಇಷ್ಟೇ ಕಥೆ. ಕಾಲೇಜಿನ ಎದುರಿನ ಅಂಗಡಿಯಲ್ಲಿ ಬಿಡಿಯಾಗಿ ಹೊಡೆಸಿದರೆ ಒಂದು ಬದಿಗೆ ಒಂದು ರೂಪಾಯಿ, ಹೆಚ್ಚು ಪ್ರತಿ ಇದ್ದರೆ ಐವತ್ತು ಪೈಸೆ. ನಾಲ್ಕು ಹಾಳೆ, ಎಂಟು ಬದಿ. ಬಣ್ಣದ ಕಾಗದದ ಹೊದಿಕೆ ಸೇರಿದರೂ ಒಂದು ಪ್ರತಿಗೆ ಐದಾರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಹತ್ತು ರೂಪಾಯಿಗೆ ಮಾರುತ್ತಿದ್ದೆ. ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಪಾದಚಾರಿ ಮಾರ್ಗದಲ್ಲಿ ನಿಂತು ಮಾರಿದಾಗ, ಸಾವಿರಾರು ರೂಪಾಯಿಯ ಕ್ಯಾನ್ವಾಸ್ ಕೊಳ್ಳಲಾಗದ ವಿದ್ಯಾರ್ಥಿಗಳು ಇದನ್ನು ಕೊಂಡು ಅಲ್ಲೇ ಮರದ ಕೆಳಗೆ ಕುಳಿತು ಓದುತ್ತಿದ್ದರು. ಅಂಥ ಓದುಗರನ್ನು ಬೇರೆ ಯಾವ ಮುದ್ರಣವೂ ನನಗೆ ಅಷ್ಟು ಹತ್ತಿರದಲ್ಲಿ ಕೊಟ್ಟಿಲ್ಲ.

ಆ ಪ್ರತಿಯ ಕಪ್ಪು ಇಂದಿಗೂ ಕಪ್ಪಾಗಿಯೇ ಇದೆ. ಜೆರಾಕ್ಸ್ ಯಂತ್ರದಲ್ಲಿ ಇರುವುದು ಇಂಗಾಲ ಬೆರೆತ ಪ್ಲಾಸ್ಟಿಕ್ ಪುಡಿ, ಅಂದರೆ ಟೋನರ್. ಸ್ಥಿರ ವಿದ್ಯುತ್ತಿನ ಬಲದಿಂದ ಅದು ಮೊದಲು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ, ಕೊನೆಗೆ ಬಿಸಿ ರೋಲರುಗಳ ನಡುವೆ ಕರಗಿ ಕಾಗದದ ನಾರನ್ನು ಹಿಡಿದುಕೊಳ್ಳುತ್ತದೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಮಾಡಿ ತೋರಿಸಿದ ತತ್ತ್ವವೇ ಇಂದಿನ ಅಂಗಡಿಗಳ ಯಂತ್ರದಲ್ಲೂ ಇದೆ. ಇಂಗಾಲಕ್ಕೆ ಬಿಸಿಲಿನ ಭಯವಿಲ್ಲ, ನೀರು ಬಿದ್ದರೂ ಗೆರೆ ಕದಡುವುದಿಲ್ಲ. ಇದೇ ಅವಧಿಯಲ್ಲಿ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಒಂದು ಬಣ್ಣದ ಪುಸ್ತಿಕೆಯೂ ನನ್ನ ಬಳಿ ಇದೆ. ಅದರಲ್ಲಿ ನೀಲಿ ಮಾಸಿ, ಕೆಂಪು ಕಿತ್ತಳೆಯಾಗಿ, ಓದುವಂತಿಲ್ಲ. ಇಂಕ್‌ಜೆಟ್ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಟೋನರಿಗೆ ಶತ್ರುಗಳು ಎರಡು. ಒಂದು ಮಡಿಕೆ. ಕಪ್ಪು ಭಾಗ ಮಡಿಕೆಯ ಮೇಲೆ ಹಾದುಹೋದರೆ ಅಲ್ಲಿ ಪುಡಿ ಉದುರಿ ಬಿಳಿ ಗೀರು ಮೂಡುತ್ತದೆ. ಆದ್ದರಿಂದ ಮಧ್ಯದ ಎರಡು ಪುಟಗಳಿಗೆ ಹರಡುವ ಚಿತ್ರವಿದ್ದರೆ ಮಡಿಕೆಯ ಜಾಗವನ್ನು ಬಿಳಿಯಾಗಿ ಬಿಡಬೇಕು. ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ ಶತ್ರು, ಮೆತ್ತನೆಯ ಪಿವಿಸಿ ಫೈಲು. ಜೋಪಾನವಾಗಿರಲೆಂದು ಪಾರದರ್ಶಕ ಫೈಲಿನೊಳಗೆ ಇಟ್ಟಿದ್ದ ಒಂದು ಪ್ರತಿಯನ್ನು ಈಗ ಹೊರಕ್ಕೆ ಎಳೆದಾಗ ಪರಪರ ಎಂದು ಸದ್ದಾಯಿತು. ನಿಲ್ದಾಣದ ಹೆಂಚಿನ ಮಾಡು, ಕಂಡಕ್ಟರನ ಮೀಸೆ, ಅರ್ಧ ಸಂಭಾಷಣೆ ಹಾಳೆಯನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದ್ದವು. ಪಿವಿಸಿಯನ್ನು ಮೆದುವಾಗಿಸಲು ಹಾಕುವ ರಾಸಾಯನಿಕ ನಿಧಾನವಾಗಿ ಟೋನರನ್ನು ಕರಗಿಸಿ ತನ್ನತ್ತ ಎಳೆದುಕೊಳ್ಳುತ್ತದೆ. ಯಾವ ರಕ್ಷಣೆಯೂ ಇಲ್ಲದೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಪ್ರತಿಗಳ ಗೆರೆ ಒಂದೂ ಅಲುಗಿಲ್ಲ, ಅಂಚು ಹಳದಿಯಾದದ್ದು ಬಿಟ್ಟರೆ. ಜೆರಾಕ್ಸ್ ಪುಸ್ತಿಕೆಗಳನ್ನು ಬಿಳಿ ಕಾಗದದ ಲಕೋಟೆಯಲ್ಲಿ ಇಡಿ; ಪ್ಲಾಸ್ಟಿಕ್ಕೇ ಬೇಕೆಂದರೆ ಪಾಲಿಪ್ರೊಪಿಲೀನ್ ಕೇಳಿ ಕೊಳ್ಳಿ.

ಚಿತ್ರದ ಮಾತಿಗೆ ಬಂದರೆ, ಆ ಕಾಲದ ಯಂತ್ರಗಳು ದೊಡ್ಡ ಕಪ್ಪು ಭಾಗವನ್ನು ಸರಿಯಾಗಿ ತುಂಬುತ್ತಿರಲಿಲ್ಲ. ಅಂಚು ಕಪ್ಪಾಗಿ, ನಡುವೆ ಬೂದಿಯಾಗಿ ಬರುತ್ತಿತ್ತು. ಹಾಗಾಗಿ ಬಸ್ ನಿಲ್ದಾಣದ ಇಡೀ ರಾತ್ರಿಯನ್ನು ಅಡ್ಡಗೆರೆ ಓರೆಗೆರೆಗಳಲ್ಲಿ ಹೆಣೆದೆ. ಇಂದು ನೋಡಿದರೆ ನನ್ನ ಎಲ್ಲ ಪುಸ್ತಿಕೆಗಳ ಪೈಕಿ ಅತ್ಯಂತ ಜೀವಂತವಾದ ಕತ್ತಲು ಅದೇ. ಗೆರೆಗಳ ನಡುವೆ ಮಂಜು ಕಾಣಿಸುತ್ತದೆ, ದೂರದ ಟೀ ಅಂಗಡಿಯ ಬೆಳಕು ಕಾಣಿಸುತ್ತದೆ. ಮುಂದೆ ಕಪ್ಪು ಶಾಯಿ ಸುರಿದು ತುಂಬಿಸಿದ ರಾತ್ರಿಗಳಲ್ಲಿ ಅದು ಬರಲಿಲ್ಲ. ಇನ್ನೊಂದು ಅನುಕೂಲ ತಿಳಿ ನೀಲಿ ಪೆನ್ಸಿಲಿನದು. ಹಳೆಯ ಯಂತ್ರದ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ಕರಡು ಗೆರೆಗಳನ್ನು ಅಳಿಸುವ ಗೋಜೇ ಇರಲಿಲ್ಲ. ಈಗಿನ ಯಂತ್ರಗಳು ಸ್ಕ್ಯಾನ್ ಮಾಡಿ ಮುದ್ರಿಸುವುದರಿಂದ ನೀಲಿಯನ್ನೂ ಹಿಡಿಯುತ್ತವೆ. ‘ಲೈಟ್’ ಗುಂಡಿ ಒತ್ತಿಸಿ ಒಂದು ಪ್ರತಿ ತೆಗೆಸಿ ನೋಡಿದ ಮೇಲೆಯೇ ಉಳಿದವನ್ನು ಹೊಡೆಸಬೇಕು.

ಕನ್ನಡದ ಕಾಮಿಕ್ಸಿಗೆ ನಿಜವಾದ ಪರೀಕ್ಷೆ ಅಕ್ಷರ. ಎ4ರಲ್ಲಿ ಬರೆದ ಪುಟವನ್ನು ಎ5ಕ್ಕೆ ಇಳಿಸಬೇಕಾದರೆ ಯಂತ್ರದಲ್ಲಿ ಶೇಕಡ 71ರ ಗುಂಡಿ ಒತ್ತುತ್ತಾರೆ. ಇಷ್ಟು ಇಳಿದಾಗ ಮೊದಲು ಮುಚ್ಚಿಹೋಗುವುದು ಧಕಾರದ ಕೆಳಗಿನ ಸೀಳು, ಆಮೇಲೆ ಥಕಾರದ ಹೊಟ್ಟೆಯ ಚುಕ್ಕೆ. ಮಹಾಪ್ರಾಣವೆಲ್ಲ ಅಲ್ಪಪ್ರಾಣವಾಗಿ, ಓದುಗ ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಒತ್ತಕ್ಷರದ ಕಷ್ಟ ಬೇರೆ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು. ಅವು ಕೆಳಗಿನ ಸಾಲಿನ ಏತ್ವ ಗುಡಿಸುಗಳಿಗೆ ತಾಗುತ್ತವೆ. ರೋಮನ್ ದೊಡ್ಡಕ್ಷರಗಳಿಗೆ ಹೊಂದುವ ಸಾಲಿನ ಅಂತರ ಇಲ್ಲಿ ನಡೆಯುವುದಿಲ್ಲ. ಮೂಲದಲ್ಲಿ ಅಕ್ಷರದ ಎತ್ತರ ಐದು ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಸಾಲಿನಿಂದ ಸಾಲಿಗೆ ಅದರ ಎರಡರಷ್ಟು ಜಾಗ ಬೇಕು, ಪೆನ್ನಿನ ಮೊನೆ 0.4ಕ್ಕಿಂತ ದಪ್ಪ ಇರಬಾರದು. ಈ ಅಳತೆಯಲ್ಲಿ ಬರೆದ ಪುಟಗಳು ಜೆರಾಕ್ಸಿನಲ್ಲಿ ಸ್ಫುಟವಾಗಿ ಉಳಿದಿವೆ. ಮಾತಿನ ಗುಳ್ಳೆ ಎತ್ತರವಾಗುತ್ತದೆ, ಚೌಕದಲ್ಲಿ ಚಿತ್ರಕ್ಕೆ ಜಾಗ ಕಡಿಮೆಯಾಗುತ್ತದೆ, ನಿಜ. ಅದರಿಂದ ಸಂಭಾಷಣೆಯನ್ನು ಹಿಂಡಿ ಬರೆಯುವ ಅಭ್ಯಾಸ ಬೆಳೆಯಿತು. ಕಥೆಗೆ ಒಳ್ಳೆಯದೇ ಆಯಿತು.

ಜೆರಾಕ್ಸ್ ಪುಸ್ತಿಕೆಗೆ ಒಂದೇ ‘ಮಾಸ್ಟರ್’ ಇರುತ್ತದೆ. ಇಳಿಸಿದ ಪುಟಗಳನ್ನು ಎರಡೆರಡಾಗಿ ಎ4 ಹಾಳೆಗೆ ಅಂಟಿಸಿದ ಕಟ್ಟು. ಹದಿನಾರು ಪುಟದ ಪುಸ್ತಿಕೆಯಲ್ಲಿ ಒಂದೇ ಬದಿಯಲ್ಲಿ ಬೀಳುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು: ಹದಿನಾರರ ಪಕ್ಕ ಒಂದು, ಎರಡರ ಪಕ್ಕ ಹದಿನೈದು. ಪ್ರತಿ ಸಲವೂ ಈ ಕಟ್ಟಿನಿಂದಲೇ ತೆಗೆಸಬೇಕು. ಪ್ರತಿಯ ಪ್ರತಿ ತೆಗೆಸಿದರೆ ಗೆರೆ ಊದಿಕೊಳ್ಳುತ್ತಾ ಹೋಗುತ್ತದೆ. ಈ ಕಟ್ಟು ಇರುವವರೆಗೆ ಪುಸ್ತಿಕೆ ಮುಗಿಯಿತು ಎಂಬುದಿಲ್ಲ. ಐದು ಜನ ಕೇಳಿದರೆ ಐದು ಪ್ರತಿ. ಬಸ್ ನಿಲ್ದಾಣದ ಕಥೆಯಲ್ಲಿ ಮುದುಕಿ ಹೇಳುವ ಕೊನೆಯ ಮಾತನ್ನು ನಾನು ಮುಂದೆ ಒಮ್ಮೆ ಬದಲಿಸಿದೆ. ಹೊಸ ಮಾತು ಬರೆದ ಚೂರನ್ನು ಹಳೆಯದರ ಮೇಲೆ ಅಂಟಿಸಿದೆ, ಅಷ್ಟೇ. ಎರಡೂ ಬಗೆಯ ಪ್ರತಿಗಳು ಈಗ ನನ್ನೆದುರು ಇವೆ. ಎರಡನೆಯದೇ ಸರಿ ಎಂದು ಈಗಲೂ ಅನ್ನಿಸುತ್ತದೆ.

ಪ್ಲೇಟ್ ಮಾಡಿಸಿ ಮುದ್ರಣಾಲಯದ ಯಂತ್ರದಲ್ಲಿ ಹೊಡೆಸುವ ಆಫ್‌ಸೆಟ್‌ನ ಘನತೆಯೇ ಬೇರೆ, ಒಪ್ಪುತ್ತೇನೆ. 2009ರ ನನ್ನ ಪುಸ್ತಕ ಡೆಮಿ 1/8 ಅಳತೆ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಹದಿನಾರು ಪುಟದ ನಾಲ್ಕು ಫಾರಂ, ಅಂದರೆ ಅರವತ್ತನಾಲ್ಕು ಪುಟ, ಒಂದು ಸಾವಿರ ಪ್ರತಿ. ಕುಂಚದ ತೆಳು ಬೂದು ಛಾಯೆಗಳನ್ನು ಜೆರಾಕ್ಸ್ ನುಂಗಿಹಾಕುತ್ತದೆ. ಆಫ್‌ಸೆಟ್ ಅವನ್ನು ಸೂಕ್ಷ್ಮ ಚುಕ್ಕೆಗಳಾಗಿ ಒಡೆದು ಹಾಗೆಯೇ ತೋರಿಸುತ್ತದೆ. ತುಂಗೆಯ ಮೇಲಿನ ಬೆಳಗಿನ ಮಬ್ಬನ್ನು ಚಿತ್ರಿಸಿದ ಪುಟ ಇಂದಿಗೂ ಕಣ್ಣು ತುಂಬುತ್ತದೆ. ಅಕ್ಷರವೂ ಚಾಕುವಿನಲ್ಲಿ ಕೊರೆದಷ್ಟು ಚೂಪು.

ತೊಂದರೆ ಇರುವುದು ಅದರ ಲೆಕ್ಕಾಚಾರದಲ್ಲಿ. ಪ್ಲೇಟ್ ಮಾಡಿಸಿ ಯಂತ್ರಕ್ಕೆ ಕೂರಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದ ಮುದ್ರಕರು ಸಾವಿರ ಹಾಕಿಸಿ ಎಂದೇ ಹೇಳುತ್ತಾರೆ, ಅವರ ಮಾತು ನ್ಯಾಯವಾದದ್ದೇ. ಸಾವಿರ ಪ್ರತಿ ಬಂದ ಮೇಲೆ ಚಿತ್ರಗಾರ ಪ್ರಕಾಶಕನಾಗಬೇಕು, ಗೋದಾಮಿನ ಯಜಮಾನನಾಗಬೇಕು, ಅಂಗಡಿಯಿಂದ ಅಂಗಡಿಗೆ ಬಾಕಿ ವಸೂಲಿಗೆ ಅಲೆಯಬೇಕು. ಮುಖಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾರಾಟಗಾರರ ಕಮಿಷನ್ನಿಗೆ ಹೋಗುತ್ತಿತ್ತು. ಆ ವರ್ಷ ನಾನು ಹೊಸದಾಗಿ ಏನನ್ನೂ ಚಿತ್ರಿಸಲಿಲ್ಲ. ಉಳಿದ ಕಟ್ಟುಗಳು ಉಡುಪಿಯ ಮನೆಯಲ್ಲಿ ಮಂಚದ ಕೆಳಗೆ ಮಳೆಗಾಲಗಳನ್ನು ಕಳೆದವು. ಬೆನ್ನಿಗೆ ಹಾಕಿದ ಗೋಂದಿನ ವಾಸನೆಗೆ ಬೆಳ್ಳಿಹುಳುಗಳು ಬಂದವು. ಹೊದಿಕೆಗಳು ತೇವಕ್ಕೆ ಒಂದಕ್ಕೊಂದು ಹತ್ತಿಕೊಂಡವು. ಪ್ಲೇಟುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ, ಹಾಗಾಗಿ ಅದನ್ನು ಮತ್ತೆ ಮುದ್ರಿಸುವುದೆಂದರೆ ಮೊದಲಿನಿಂದ ಶುರು ಮಾಡಿದ ಹಾಗೆ.

‘ಕೊರವಂಜಿ’ ಹಾಸ್ಯ ಮಾಸಿಕ 1942ರಿಂದ 1967ರವರೆಗೆ ಅಚ್ಚಾಗಿ ಬಂತಲ್ಲ, ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರಲ್ಲ ಎಂದು ಹಿರಿಯ ಮಿತ್ರರೊಬ್ಬರು ನನ್ನೊಡನೆ ವಾದಿಸುತ್ತಾರೆ. ಕನ್ನಡದಲ್ಲಿ ಚಿತ್ರ ಬರೆಯುವವರಿಗೆಲ್ಲ ಅದು ಹೆಮ್ಮೆಯ ವಿಷಯ. ಆದರೆ ತಿಂಗಳು ತಿಂಗಳು ಕಾಯುವ ಓದುಗರಿರುವ ನಿಯತಕಾಲಿಕದ ಆರ್ಥಿಕತೆ ಬೇರೆ, ವರ್ಷಕ್ಕೊಂದು ತೆಳು ಪುಸ್ತಿಕೆ ತರುವ ಒಬ್ಬಂಟಿ ಚಿತ್ರಗಾರನದು ಬೇರೆ. ಐನೂರು ಓದುಗರು ಮುಂಗಡ ಕೊಟ್ಟು ಕಾಯುತ್ತಿದ್ದರೆ ಆಫ್‌ಸೆಟ್‌ಗೆ ಹೋಗಿ. ಇಲ್ಲವಾದರೆ ಆ ದುಡ್ಡಿನಲ್ಲಿ ಮೂರು ಜೆರಾಕ್ಸ್ ಪುಸ್ತಿಕೆ ಮಾಡಿ.

ಡಿಜಿಟಲ್ ಮುದ್ರಣ ಇವೆರಡರ ನಡುವಿನದು. ಇಪ್ಪತ್ತೈದು ಪ್ರತಿ ಕೇಳಿದರೂ ಕೊಡುತ್ತಾರೆ, ಬಣ್ಣವೂ ಬರುತ್ತದೆ. 12×18 ಇಂಚಿನ ಹಾಳೆಯಲ್ಲಿ ಹೊಡೆದು, 300 ಜಿಎಸ್‌ಎಂ ಆರ್ಟ್ ಕಾರ್ಡಿನ ಹೊದಿಕೆಗೆ ಮ್ಯಾಟ್ ಲ್ಯಾಮಿನೇಷನ್ ಹಾಕಿ ಕೊಟ್ಟ ನನ್ನ 2016ರ ಪುಸ್ತಿಕೆ ಮೊದಲ ದಿನ ಎಲ್ಲಕ್ಕಿಂತ ಅಂದವಾಗಿತ್ತು. ಈಗ ಹೊದಿಕೆ ದೋಣಿಯಂತೆ ಬಾಗಿದೆ. ಒಂದೇ ಬದಿಗೆ ಪ್ಲಾಸ್ಟಿಕ್ ಇರುವುದರಿಂದ ಇನ್ನೊಂದು ಬದಿಯ ಕಾಗದ ತೇವ ಹೀರಿ ಹಿಗ್ಗುತ್ತದೆ. ಕರಾವಳಿಯಲ್ಲಿ ಇದನ್ನು ತಪ್ಪಿಸಲಾಗದು. ಗೆರೆಚಿತ್ರದವರು ಗಮನಿಸಬೇಕಾದದ್ದು ಇನ್ನೊಂದಿದೆ. ಬೂದು ಚಿತ್ರವಾಗಿ ಉಳಿಸಿದ ಕಡತ ಕೊಟ್ಟರೆ ಯಂತ್ರ ಗೆರೆಯ ಅಂಚನ್ನು ಚುಕ್ಕೆಗಳಾಗಿ ಒಡೆಯುತ್ತದೆ, ಅಕ್ಷರಕ್ಕೆ ರೋಮ ಬಂದಂತೆ ಕಾಣುತ್ತದೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಅಪ್ಪಟ ಕಪ್ಪು-ಬಿಳಿ ಬಿಟ್‌ಮ್ಯಾಪ್ ಆಗಿ ಸ್ಕ್ಯಾನ್ ಮಾಡಿ ಕೊಟ್ಟರೆ ಈ ತೊಂದರೆ ಇಲ್ಲ. ಬೆಲೆ ಮಾತ್ರ ಪ್ರತಿ ಹೆಚ್ಚಾದರೂ ಹೆಚ್ಚೇನೂ ಇಳಿಯುವುದಿಲ್ಲ.

ಸ್ಕ್ರೀನ್ ಪ್ರಿಂಟ್ ನನ್ನ ಪ್ರೀತಿಯದು. ಬೆಂಗಳೂರಿನ ಸುಲ್ತಾನಪೇಟೆಯ ಸುತ್ತ ಮದುವೆ ಕಾಗದ ಹೊಡೆಯುವವರ ಸಾಲು ಸಾಲು ಅಂಗಡಿಗಳಿವೆ. ಲಗ್ನದ ದಿನಗಳಲ್ಲಿ ಅವರ ಬಳಿ ನಿಂತು ಮಾತಾಡಲೂ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಹೋಗಬೇಕು. ಮದುವೆಗಳಿಲ್ಲದ ಆ ತಿಂಗಳಲ್ಲಿ ನೂರು ಹೊದಿಕೆಯ ಸಣ್ಣ ಕೆಲಸವನ್ನೂ ಕರೆದು ಮಾಡಿಕೊಡುತ್ತಾರೆ, ಬಣ್ಣ ಬೆರೆಸುವಾಗ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ದ್ರಾವಣ ಬಳಿದು, ಚಿತ್ರದ ಪಾಸಿಟಿವ್, ಅಂದರೆ ಪಾರದರ್ಶಕ ಹಾಳೆಯ ಮೇಲಿನ ಕಪ್ಪು ಪ್ರತಿ, ಇಟ್ಟು ಬೆಳಕು ಹಾಯಿಸುತ್ತಾರೆ. ಚಿತ್ರ ಇದ್ದಷ್ಟು ಜಾಗ ತೊಳೆದುಹೋಗಿ ರಂಧ್ರಗಳು ತೆರೆದುಕೊಳ್ಳುತ್ತವೆ. ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿ ಎಳೆದಾಗ ಶಾಯಿ ಅಲ್ಲಿಂದ ಇಳಿದು ಕಾಗದದ ಮೇಲೆ ಬೆರಳಿಗೆ ತಾಗುವ ಪದರವಾಗಿ ಕೂರುತ್ತದೆ. ಕಪ್ಪು ಕಾರ್ಡಿನ ಮೇಲೆ ಬಿಳಿ, ಖಾಕಿ ಕಾಗದದ ಮೇಲೆ ಅರಿಶಿನ ಹಳದಿ: ಇದನ್ನು ಅಂಗಡಿಯ ಜೆರಾಕ್ಸ್ ಮಾಡಲಾರದು, ಸಾಮಾನ್ಯ ಆಫ್‌ಸೆಟ್‌ನಲ್ಲೂ ಕಪ್ಪು ಕಾಗದದ ಮೇಲೆ ಇಷ್ಟು ಗಟ್ಟಿಯಾದ ಬಿಳಿ ಸಿಗದು. 2012ರ ಯಕ್ಷಗಾನದ ಪುಸ್ತಿಕೆಯ ಹೊದಿಕೆಯಲ್ಲಿ ಕಪ್ಪಿನ ಮೇಲೆ ಬಿಳಿಯಲ್ಲಿ ಮೂಡಿದ ‘ಬಣ್ಣದ ವೇಷ’ದ (ರಾಕ್ಷಸ ಪಾತ್ರದ) ಕಣ್ಣು, ಹಲ್ಲು, ಕಿರೀಟದ ಅಂಚು ಇವತ್ತಿಗೂ ಹೊಡೆದ ದಿನದಷ್ಟೇ ಪ್ರಖರ.

ಇದು ಹೊದಿಕೆಗೆ ಮಾತ್ರ ಸಾಕು. ಒಳಪುಟ ಹೊಡೆಸಿದರೆ ಪುಟಕ್ಕೊಂದು ಸ್ಕ್ರೀನ್ ಆಗಿ ಖರ್ಚು ಏರುತ್ತದೆ, ಸಣ್ಣ ಕನ್ನಡ ಅಕ್ಷರಗಳ ಒತ್ತುಗಳು ಜಾಲರಿಯಲ್ಲಿ ತುಂಬಿಕೊಳ್ಳುತ್ತವೆ. ಹೊದಿಕೆಯಲ್ಲೂ ಹೆಸರನ್ನು ದಪ್ಪಕ್ಕೆ, ಕೈಬರಹದಲ್ಲೇ ಬರೆಯಬೇಕು.

ರಿಸೊಗ್ರಾಫ್ ಈಗಿನ ಹುಡುಗ ಹುಡುಗಿಯರ ಮೆಚ್ಚಿನದು, ಮೆಚ್ಚುಗೆಗೆ ತಕ್ಕುದೂ ಹೌದು. ಜಪಾನಿನ ರಿಸೊ ಕಂಪನಿ ಇದನ್ನು ತಂದದ್ದು 1980ರ ದಶಕದಲ್ಲಿ, ಕಚೇರಿ ಶಾಲೆಗಳ ಕಾಗದಪತ್ರಕ್ಕಾಗಿ. ನಮ್ಮಲ್ಲೂ ಪ್ರಶ್ನೆಪತ್ರಿಕೆ ಹೊಡೆಯಲು ಎಷ್ಟೋ ಶಾಲೆಗಳು ಇಟ್ಟುಕೊಂಡಿವೆ. ನಾನು ಮೊದಲು ಬಳಸಿದ್ದು ಒಂದು ಟ್ಯೂಷನ್ ಕೇಂದ್ರದ ಯಂತ್ರವನ್ನು. ಕಪ್ಪು, ಕೆಂಪು ಎರಡೇ ಡ್ರಮ್. ಸೈಕ್ಲೋಸ್ಟೈಲ್ ನೋಡಿದವರಿಗೆ ಇದರ ಕೆಲಸ ಕೂಡಲೇ ಅರ್ಥವಾಗುತ್ತದೆ. ಯಂತ್ರವೇ ಶಾಖದಿಂದ ತೂತು ಮಾಡಿದ ಮಾಸ್ಟರ್ ಹಾಳೆ ಡ್ರಮ್ಮಿನ ಸುತ್ತ ಕೂರುತ್ತದೆ, ಒಳಗಿನಿಂದ ಶಾಯಿ ಹೊರಬರುತ್ತದೆ. ಒಂದೊಂದು ಬಣ್ಣಕ್ಕೂ ಹಾಳೆಯನ್ನು ಮತ್ತೆ ಹಾಯಿಸಬೇಕು. ಎರಡನೆಯ ಸಲ ಕೂದಲೆಳೆಯಷ್ಟು ಸರಿದು ಬೀಳುವ ಕೆಂಪು, ಕಪ್ಪು ಗೆರೆಯ ಆಚೆ ಇಣುಕುವಾಗ ಚಿತ್ರಕ್ಕೆ ಬರುವ ಕಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಶಾಯಿ ಎಣ್ಣೆಯದು. ಬಿಸಿ ಇಲ್ಲ, ಗಾಳಿಗೆ ಗಟ್ಟಿಯಾಗುವ ಗುಣವೂ ಕಡಿಮೆ, ಕಾಗದ ಹೀರಿಕೊಂಡಷ್ಟೇ. 2019ರ ಪುಸ್ತಿಕೆಯ ಕಪ್ಪು ಪುಟವನ್ನು ಇಂದು ಹೆಬ್ಬೆರಳಲ್ಲಿ ಉಜ್ಜಿದರೂ ಬೆರಳು ಮಸಿಯಾಗುತ್ತದೆ, ಎದುರು ಪುಟದ ಬಿಳಿಯ ಮೇಲೆ ನೆರಳು ಮೂಡಿದೆ. ಮುಂದೆ ಒಂದು ಸ್ಟುಡಿಯೊದಲ್ಲಿ ನೀಲಿ ಮತ್ತು ಫ್ಲೋರೊಸೆಂಟ್ ಗುಲಾಬಿಯಲ್ಲಿ ಹೊಡೆಸಿದ ಪುಸ್ತಿಕೆಯ ಎರಡು ಪ್ರತಿಗಳನ್ನು ಜೊತೆಗಿಟ್ಟು ನೋಡಿದೆ. ಪೆಟ್ಟಿಗೆಯಲ್ಲಿದ್ದ ಪ್ರತಿ ಕೆಂಡಸಂಪಿಗೆಯ ಹಾಗೆ ಉರಿಯುತ್ತಿದೆ. ಮಳಿಗೆಯ ಮೇಜಿನಲ್ಲಿ ಮಾದರಿಗೆಂದು ಬೆಳಕಿನಲ್ಲಿ ಇಟ್ಟಿದ್ದ ಪ್ರತಿಯಲ್ಲಿ ಗುಲಾಬಿ ಇತ್ತೆಂಬುದಕ್ಕೆ ಗುರುತಷ್ಟೇ ಉಳಿದಿದೆ. ಬಣ್ಣವೇ ಕಥೆಯಾಗಿರುವಾಗ ರಿಸೊ ಬಳಸಿ, ಒರಟು ಕಾಗದ ಆರಿಸಿ, ಕತ್ತಲಲ್ಲಿ ಇಡಿ. ದೀರ್ಘ ಸಂಭಾಷಣೆಯ ಕಪ್ಪು-ಬಿಳಿ ಕಥೆಗೆ ಜೆರಾಕ್ಸ್ ಇರುವಾಗ ಇದು ಬೇಡ.

ಹೊಲಿಗೆಯ ಬಗ್ಗೆ ಒಂದು ಮಾತು. ಕರಾವಳಿಯಲ್ಲಿದ್ದ ಪ್ರತಿಗಳ ಪಿನ್ನುಗಳೆಲ್ಲ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಇಳಿಸಿವೆ. ಮೂರು ತೂತು ಮಾಡಿ ದಪ್ಪ ಹತ್ತಿ ನೂಲಿನಿಂದ ಹೊಲಿದವು ಹಾಗೇ ಇವೆ. ಕಂಪ್ಯೂಟರ್ ಕಡತಗಳ ಕಥೆ ಪಿನ್ನಿಗಿಂತ ಕೆಟ್ಟದ್ದು. ಆಫ್‌ಸೆಟ್ ಪುಸ್ತಕದ ಮುನ್ನುಡಿ, ಶೀರ್ಷಿಕೆಗಳನ್ನು ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ, ಯೂನಿಕೋಡ್‌ಗೆ ಮೊದಲಿನ ಕನ್ನಡ ಫಾಂಟಿನಲ್ಲಿ ಜೋಡಿಸಲಾಗಿತ್ತು. ಆ ತಂತ್ರಾಂಶ 2001ರ 7.0 ಆವೃತ್ತಿಗೇ ನಿಂತಿತು. ಈಗಿನ ಗಣಕದಲ್ಲಿ ಆ ಕಡತದ ಪಠ್ಯ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬರುತ್ತದೆ. ಅಂಟು ಹಳದಿಯಾಗಿರುವ ಜೆರಾಕ್ಸ್ ಮಾಸ್ಟರುಗಳನ್ನು ಮಾತ್ರ ಯಾವ ಅಂಗಡಿಗೆ ಒಯ್ದರೂ ಪುಸ್ತಿಕೆಯಾಗಿ ಮರಳುತ್ತವೆ.

ಬಸ್ ನಿಲ್ದಾಣದ ಕಥೆಯನ್ನು ಈ ಆಷಾಢಕ್ಕೆ ಮತ್ತೆ ತರುತ್ತಿದ್ದೇನೆ. ಒಳಗೆ ಅದೇ ಮಾಸ್ಟರಿನಿಂದ ಜೆರಾಕ್ಸ್, 80 ಜಿಎಸ್‌ಎಂ ಕಾಗದದಲ್ಲಿ, ಹೊರಗೆ ಕಡುನೀಲಿ ಕಾರ್ಡಿನ ಮೇಲೆ ಒಂದೇ ಬಣ್ಣದ, ಬೀದಿದೀಪದ ಹಳದಿಯ ಸ್ಕ್ರೀನ್ ಪ್ರಿಂಟ್, ನೂಲಿನ ಹೊಲಿಗೆ. ಮೊದಲ ಕಂತಿಗೆ ಐವತ್ತು ಹೊದಿಕೆ ಸಾಕು. ಮಳೆ ನಿಂತ ಮೇಲೆ ಕೇಳುವವರಿದ್ದರೆ ಇನ್ನಷ್ಟು ಹೊಡೆಸುತ್ತೇನೆ, ಮುದುಕಿಯ ಮಾತು ಎರಡನೆಯ ರೂಪದಲ್ಲೇ ಇರುತ್ತದೆ.